ಫಾರ್ಮಸಿ ಸೀಟು ಒಪ್ಪಿಕೊಳ್ಳುವ ಮುನ್ನ: ಪಿಯುಸಿ ಮುಗಿಸಿದವರಿಗೂ ಅವರ ಪೋಷಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಪೋಷಕರೇ, ಪ್ರಿಯ ವಿದ್ಯಾರ್ಥಿಗಳೇ,



ಪ್ರತಿ ವರ್ಷ ಸಿಇಟಿ ಮತ್ತು ನೀಟ್ ಫಲಿತಾಂಶಗಳು ಬಂದು, ವೈದ್ಯಕೀಯ ಸೀಟು ಕೈಗೆಟುಕದೆಂಬುದು ಖಚಿತವಾದ ಮೇಲೆಯೇ ಅನೇಕ ಮನೆಗಳಲ್ಲಿ ಫಾರ್ಮಸಿಯ ಮಾತು ಏಳುತ್ತದೆ. ಹಾಗೆ ಎದ್ದ ಮಾತು ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟುವ ಹಂತಕ್ಕೆ ಬಂದುಬಿಡುವುದರಿಂದ, ಯಾವ ಕೋರ್ಸು, ಅದು ಯಾವ ಕೆಲಸಕ್ಕೆ ದಾರಿ, ಆ ಕಾಲೇಜು ಕೊಡುವ ಪದವಿಗೆ ಕಾನೂನಿನ ಮಾನ್ಯತೆ ಎಷ್ಟು ಎಂಬ ಮೂರು ಮುಖ್ಯ ಪ್ರಶ್ನೆಗಳನ್ನು ಯಾರೂ ಕೇಳದೆಯೇ ಪ್ರವೇಶ ಮುಗಿದುಹೋಗುತ್ತದೆ. ಊರಿಗೆ ಹತ್ತಿರ, ಹಾಸ್ಟೆಲ್ ಚೆನ್ನಾಗಿದೆ, ಪರಿಚಯದವರ ಮಗಳು ಅಲ್ಲೇ ಓದಿದ್ದಾಳೆ ಎಂಬ ಕಾರಣಗಳು ಉಪೇಕ್ಷಣೀಯವಲ್ಲವಾದರೂ, ಮುಂದಿನ ಎರಡರಿಂದ ಆರು ವರ್ಷಗಳನ್ನೂ ಆ ಬಳಿಕದ ಇಡೀ ವೃತ್ತಿಜೀವನವನ್ನೂ ನಿರ್ಧರಿಸುವಷ್ಟು ಬಲ ಅವುಗಳಿಗಿಲ್ಲ. ಮೊದಲು ಕೆಲಸವನ್ನು, ಆಮೇಲೆ ಕೋರ್ಸನ್ನು, ಕೊನೆಗೆ ಕಾಲೇಜನ್ನು ಆರಿಸಬೇಕೆಂಬುದು ಈ ಪತ್ರದ ವಾದ. ಈಗ ಬಹಳ ಕಡೆ ನಡೆಯುತ್ತಿರುವುದು ಇದರ ತಿರುವುಮುರುವು.

ಫಾರ್ಮಸಿ ಶಿಕ್ಷಣವನ್ನು ಸಾಮಾನ್ಯ ವಿಜ್ಞಾನ ಪದವಿಯಿಂದ ಬೇರೆ ಮಾಡುವ ಸಂಗತಿಯೆಂದರೆ ನೋಂದಣಿ, ಅಂದರೆ ರಾಜ್ಯದ ಫಾರ್ಮಸಿ ಪರಿಷತ್ತಿನ ದಾಖಲೆಯಲ್ಲಿ ವ್ಯಕ್ತಿಯ ಹೆಸರು ಸೇರುವುದು. ಕಳೆದ ಶತಮಾನದ ಆರಂಭದಲ್ಲಿ ವೈದ್ಯರ ಪಕ್ಕದಲ್ಲಿ ನಿಂತು ಮಿಕ್ಸ್‌ಚರ್ ಕಲೆಸಿಕೊಡುತ್ತಿದ್ದ ಕಾಂಪೌಂಡರ್‌ಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣದ ಮಾನದಂಡ ಇರಲಿಲ್ಲ; 1930–31ರಲ್ಲಿ ಆರ್. ಎನ್. ಚೋಪ್ರಾ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿ ಈ ಕೊರತೆಯನ್ನು ಎತ್ತಿ ತೋರಿಸಿತು, 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಮುಂದಾಳತ್ವದಲ್ಲಿ ವಿಶ್ವವಿದ್ಯಾಲಯ ಮಟ್ಟದ ಔಷಧ ಶಿಕ್ಷಣಕ್ಕೆ ಅಡಿಪಾಯ ಬಿತ್ತು, ಸ್ವಾತಂತ್ರ್ಯಾನಂತರ 1948ರ ಫಾರ್ಮಸಿ ಕಾಯ್ದೆ ಜಾರಿಗೆ ಬಂದು ಭಾರತೀಯ ಫಾರ್ಮಸಿ ಪರಿಷತ್ತು, ಅಂದರೆ ಪಿಸಿಐ, ರೂಪುಗೊಂಡಿತು. ಈ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ವಿತರಿಸುವ ಅಧಿಕಾರವಿರುವುದು ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ. ಉಳಿದವರು ಹಾಗೆ ಮಾಡುವುದು ಶಿಕ್ಷಾರ್ಹ ಅಪರಾಧ. ಆದ್ದರಿಂದ ಈ ಕ್ಷೇತ್ರದಲ್ಲಿ ಪದವಿ ಪ್ರಮಾಣಪತ್ರದ ನಿಜವಾದ ಬೆಲೆ ನಿರ್ಧಾರವಾಗುವುದು ಅದರ ಆಧಾರದ ಮೇಲೆ ನೋಂದಣಿ ದೊರೆಯುತ್ತದೆಯೇ ಇಲ್ಲವೇ ಎಂಬುದರಿಂದ.

ಪಿಯುಸಿ ವಿಜ್ಞಾನ ಮುಗಿಸಿದವರ ಮುಂದೆ ಮೂರು ದಾರಿಗಳಿವೆ. ಮೂರಕ್ಕೂ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಕಡ್ಡಾಯ; ಅವುಗಳ ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ, ಎರಡರಲ್ಲಿ ಒಂದನ್ನು ಓದಿದ್ದರೆ ಸಾಕು. ಜೀವಶಾಸ್ತ್ರವಿಲ್ಲದೆ ಪಿಸಿಎಂ ಓದಿದವರಿಗೆ ಫಾರ್ಮಸಿ ಮುಚ್ಚಿದ ಬಾಗಿಲು ಎಂಬ ತಪ್ಪು ತಿಳಿವಳಿಕೆ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಇನ್ನೂ ಉಳಿದಿದೆ, ವಾಸ್ತವದಲ್ಲಿ ಬಿ.ಫಾರ್ಮಾ ಮೊದಲ ಸೆಮಿಸ್ಟರಿನಲ್ಲಿ ಜೀವಶಾಸ್ತ್ರ ಓದದವರಿಗೆ ಜೀವಶಾಸ್ತ್ರವನ್ನೂ ಗಣಿತ ಓದದವರಿಗೆ ಗಣಿತವನ್ನೂ ಪೂರಕ ವಿಷಯವಾಗಿ ಕಲಿಸುವ ಏರ್ಪಾಟನ್ನು ಪಠ್ಯಕ್ರಮವೇ ಮಾಡಿಕೊಟ್ಟಿದೆ.

ಮೊದಲನೆಯ ದಾರಿ ಡಿ.ಫಾರ್ಮಾ ಎಂಬ ಎರಡು ವರ್ಷದ ಡಿಪ್ಲೊಮಾ. ತರಗತಿಯ ಓದು ಮುಗಿದ ಮೇಲೆ ಆಸ್ಪತ್ರೆಯಲ್ಲಿಯೋ ಔಷಧಿ ಅಂಗಡಿಯಲ್ಲಿಯೋ ಕನಿಷ್ಠ ಮೂರು ತಿಂಗಳ ಅವಧಿಯಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆಯಬೇಕಾದ ಈ ಕೋರ್ಸಿನ ಪಠ್ಯವನ್ನು 2020ರ ಶಿಕ್ಷಣ ನಿಯಮಾವಳಿ ಪರಿಷ್ಕರಿಸಿದ್ದು, ಸಾಮಾಜಿಕ ಫಾರ್ಮಸಿ, ಸಮುದಾಯ ಫಾರ್ಮಸಿ ಮತ್ತು ನಿರ್ವಹಣೆ, ಔಷಧ ಚಿಕಿತ್ಸಾ ವಿಜ್ಞಾನಗಳಂಥ ವಿಷಯಗಳಿಗೆ ಅದರಲ್ಲಿ ಸ್ಥಾನವಿದೆ. ಕರ್ನಾಟಕದಲ್ಲಿ ಇದರ ಪರೀಕ್ಷೆಗಳನ್ನು ವಿಶ್ವವಿದ್ಯಾಲಯದ ಬದಲು ರಾಜ್ಯದ ಔಷಧ ಆಡಳಿತಕ್ಕೆ ಸೇರಿದ ಪರೀಕ್ಷಾ ಪ್ರಾಧಿಕಾರ ಮಂಡಳಿ ನಡೆಸುತ್ತ ಬಂದಿದೆ. ಸ್ವಂತ ಮೆಡಿಕಲ್ ಸ್ಟೋರ್ ತೆರೆಯಬೇಕು, ಆಸ್ಪತ್ರೆಯ ಔಷಧ ವಿತರಣಾ ವಿಭಾಗದಲ್ಲಿ ಬೇಗ ಕೆಲಸಕ್ಕೆ ಸೇರಬೇಕು ಎನ್ನುವವರಿಗೆ ಇದು ಕಡಿಮೆ ಖರ್ಚಿನ, ನೇರವಾದ ಹಾದಿ. ಮುಂದೆ ಓದುವ ಮನಸ್ಸಾದರೆ ಬಿ.ಫಾರ್ಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವೂ ಸಾಧ್ಯವಿರುವುದರಿಂದ ಇದನ್ನು ಕೀಳಾಗಿ ಕಾಣಲು ಕಾರಣವಿಲ್ಲ. ಆದರೆ ಡಿಪ್ಲೊಮಾ ಪಡೆದವರು ನೋಂದಣಿಗೆ ಮುನ್ನ ಮೂರು ಪತ್ರಿಕೆಗಳ ನಿರ್ಗಮನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಷರತ್ತನ್ನು 2022ರ ನಿಯಮಾವಳಿ ತಂದಿದೆ; ಅದು ತಮ್ಮ ಮಗ ಅಥವಾ ಮಗಳ ತಂಡಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಪ್ರವೇಶಕ್ಕೆ ಮೊದಲೇ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಎರಡನೆಯದು ಬಿ.ಫಾರ್ಮಾ, ನಾಲ್ಕು ವರ್ಷ, ಎಂಟು ಸೆಮಿಸ್ಟರುಗಳ ಪದವಿ. ಮಾತ್ರೆ, ಚುಚ್ಚುಮದ್ದು, ಮುಲಾಮುಗಳ ತಯಾರಿಕೆ, ಅವುಗಳ ಗುಣಮಟ್ಟದ ಪರೀಕ್ಷೆ, ಔಷಧವು ದೇಹದಲ್ಲಿ ವರ್ತಿಸುವ ರೀತಿ, ಔಷಧ ಸಸ್ಯಗಳ ಅಧ್ಯಯನ, ಔಷಧ ಕಾನೂನು ಇವೆಲ್ಲವನ್ನೂ ಒಳಗೊಂಡ ಈ ಪದವಿ ಹೆಚ್ಚಾಗಿ ಕಾರ್ಖಾನೆ, ಪ್ರಯೋಗಾಲಯ ಮತ್ತು ನಿಯಂತ್ರಣ ಸಂಸ್ಥೆಗಳ ಕಡೆ ಮುಖ ಮಾಡಿದೆ. ಡ್ರಗ್ಸ್ ಇನ್‌ಸ್ಪೆಕ್ಟರ್ ಹುದ್ದೆಗೆ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳು ವಿಧಿಸಿರುವ ಅರ್ಹತೆಗಳಲ್ಲಿ ಫಾರ್ಮಸಿ ಪದವಿ ಪ್ರಮುಖವಾದದ್ದು. ಡಿಪ್ಲೊಮಾದಿಂದ ಆ ಹುದ್ದೆಗೆ ಅರ್ಹತೆ ಬರುವುದಿಲ್ಲ. ಇದಕ್ಕೆ ಪ್ರತಿಯಾಗಿ, ಸರ್ಕಾರಿ ಆಸ್ಪತ್ರೆಗಳ ಕೆಲವು ಫಾರ್ಮಸಿಸ್ಟ್ ಹುದ್ದೆಗಳ ನೇಮಕಾತಿ ನಿಯಮಗಳು ಡಿಪ್ಲೊಮಾವನ್ನೇ ಹೆಸರಿಸುವುದುಂಟು, ಹೀಗಾಗಿ ಹೆಚ್ಚು ವರ್ಷ ಓದಿದರೆ ಎಲ್ಲ ಹುದ್ದೆಗೂ ತಾನಾಗಿಯೇ ಅರ್ಹತೆ ಬರುತ್ತದೆ ಎಂದು ಊಹಿಸುವುದು ಸರಿಯಲ್ಲ. ಬಿ.ಫಾರ್ಮಾ ಬಳಿಕ ಎರಡು ವರ್ಷದ ಎಂ.ಫಾರ್ಮಾಕ್ಕೆ ಹೋಗುವವರು ಜಿಪ್ಯಾಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಅರ್ಹತೆ ಪಡೆದು ಮಾನ್ಯತೆಯುಳ್ಳ ಸಂಸ್ಥೆಗೆ ಸೇರಿದವರಿಗೆ ವ್ಯಾಸಂಗವೇತನ ದೊರೆಯುವ ವ್ಯವಸ್ಥೆಯಿದೆ. ಮೊಹಾಲಿ, ಹೈದರಾಬಾದ್ ಮೊದಲಾದೆಡೆ ಇರುವ ನೈಪರ್, ಅಂದರೆ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಸ್ನಾತಕೋತ್ತರ ಪ್ರವೇಶಕ್ಕೆ ಪ್ರತ್ಯೇಕ ಪರೀಕ್ಷೆ ಇದೆ.

ಮೂರನೆಯದು ಫಾರ್ಮ್.ಡಿ, 2008ರ ನಿಯಮಾವಳಿಯಿಂದ ದೇಶದಲ್ಲಿ ಆರಂಭವಾದ, ಐದು ವರ್ಷದ ಓದು ಮತ್ತು ಒಂದು ವರ್ಷದ ಆಸ್ಪತ್ರೆ ತರಬೇತಿ ಸೇರಿ ಒಟ್ಟು ಆರು ವರ್ಷದ ಕೋರ್ಸು. ಬಿ.ಫಾರ್ಮಾ ಮುಗಿಸಿದವರು ಮೂರು ವರ್ಷದ ಪ್ರತ್ಯೇಕ ಕ್ರಮದಲ್ಲಿ ಇದೇ ಅರ್ಹತೆಯನ್ನು ಪಡೆಯಬಹುದು. ಔಷಧ ತಯಾರಿಕೆಗಿಂತ ರೋಗಿಯ ಹಾಸಿಗೆಯ ಬಳಿ ಔಷಧದ ಬಳಕೆಯನ್ನು ಅಧ್ಯಯನ ಮಾಡುವುದು ಇದರ ಕೇಂದ್ರ. ಉದಾಹರಣೆಗೆ, ಹೃದಯದ ಕವಾಟ ಬದಲಿಸಿಕೊಂಡ ರೋಗಿಯೊಬ್ಬರು ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ಸೇವಿಸುತ್ತಿರುವಾಗ, ಹಲ್ಲಿನ ಸೋಂಕಿಗೆಂದು ಬೇರೊಬ್ಬ ವೈದ್ಯರು ಮೆಟ್ರೊನಿಡಜೋಲ್ ಬರೆದರೆ, ಎರಡನೆಯ ಔಷಧವು ಮೊದಲನೆಯದು ಯಕೃತ್ತಿನಲ್ಲಿ ವಿಘಟನೆಯಾಗುವುದನ್ನು ತಡೆದು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಎರಡೂ ಚೀಟಿಗಳನ್ನು ಒಟ್ಟಿಗೆ ಓದಿ, ಸಕಾಲದಲ್ಲಿ ವೈದ್ಯರ ಗಮನಕ್ಕೆ ತರುವುದು ಕ್ಲಿನಿಕಲ್ ಫಾರ್ಮಸಿಸ್ಟರ ಕೆಲಸ. ಫಾರ್ಮ್.ಡಿ ಪಡೆದವರು ವೈದ್ಯರಲ್ಲ, ಸ್ವತಂತ್ರವಾಗಿ ರೋಗ ನಿರ್ಣಯಿಸುವ ಅಥವಾ ಚಿಕಿತ್ಸೆ ಬರೆಯುವ ಅಧಿಕಾರ ಅವರಿಗಿಲ್ಲ. ‘ಎಂಬಿಬಿಎಸ್ ತಪ್ಪಿದರೇನು, ಇದೂ ಡಾಕ್ಟರೇ’ ಎಂದು ಏಜೆಂಟರು ಹೇಳುವ ಮಾತನ್ನು ನಂಬಿ ಆರು ವರ್ಷ ಕಳೆದವರ ನಿರಾಸೆಯನ್ನು ಈ ಕ್ಷೇತ್ರದ ಅಧ್ಯಾಪಕರು ಬಹಳ ಕಂಡಿದ್ದಾರೆ. ನಮ್ಮ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟರ ಹುದ್ದೆಗಳು ಇನ್ನೂ ವಿರಳವಾಗಿರುವುದರಿಂದ ಈ ಪದವೀಧರರಲ್ಲಿ ಅನೇಕರು ಔಷಧಗಳ ಅಡ್ಡಪರಿಣಾಮಗಳನ್ನು ದಾಖಲಿಸಿ ವಿಶ್ಲೇಷಿಸುವ ಫಾರ್ಮಕೊವಿಜಿಲೆನ್ಸ್, ಕ್ಲಿನಿಕಲ್ ಟ್ರಯಲ್‌ಗಳ ನಿರ್ವಹಣೆ ಮೊದಲಾದ ಕೆಲಸಗಳಿಗೆ ಹೋಗುತ್ತಾರೆಂಬುದನ್ನೂ ತಿಳಿದಿರಬೇಕು. ವಿದೇಶದ ಗುರಿಯಿದ್ದವರು ಇನ್ನೊಂದು ಅಂಶವನ್ನು ಗಮನಿಸಬೇಕು: ಅಮೆರಿಕದಲ್ಲಿ ಫಾರ್ಮಸಿಸ್ಟರಾಗಲು ಬಯಸುವ ವಿದೇಶಿ ಪದವೀಧರರು, 2003ರ ಜನವರಿ 1ರ ಬಳಿಕ ಪದವಿ ಪಡೆದವರಾದರೆ, ಕನಿಷ್ಠ ಐದು ವರ್ಷದ ಪಠ್ಯಕ್ರಮ ಮುಗಿಸಿರಬೇಕೆಂಬ ನಿಯಮವಿರುವುದರಿಂದ ನಾಲ್ಕು ವರ್ಷದ ಬಿ.ಫಾರ್ಮಾವೊಂದೇ ಅಲ್ಲಿ ಸಾಲದು.

ಡಿ.ಫಾರ್ಮಾ ಮತ್ತು ಫಾರ್ಮ್.ಡಿ ಹೆಸರುಗಳು ಕಿವಿಗೆ ಒಂದೇ ರೀತಿ ಕೇಳಿಸುವುದರಿಂದ, ಅರ್ಜಿ ತುಂಬುವಾಗಲೂ ಶುಲ್ಕದ ರಸೀದಿ ಪಡೆಯುವಾಗಲೂ ಕೋರ್ಸಿನ ಅವಧಿಯನ್ನು ವರ್ಷಗಳಲ್ಲಿ ಬರೆದಿರುವುದನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಬಿ.ಫಾರ್ಮಾ ಮತ್ತು ಫಾರ್ಮ್.ಡಿ ಕೋರ್ಸುಗಳ ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ರ‍್ಯಾಂಕಿನ ಮೇಲೆ ಹಂಚುತ್ತದೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಪ್ರಯೋಜನ ಪಡೆಯಲು ಬೇಕಾದ ವ್ಯಾಸಂಗ ಪ್ರಮಾಣಪತ್ರಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳದೆ ಅರ್ಹ ಸೀಟನ್ನು ಕಳೆದುಕೊಳ್ಳುವುದು ತಪ್ಪಿಸಬಹುದಾದ ನಷ್ಟ.

ಕೋರ್ಸು ನಿಶ್ಚಯವಾದ ಮೇಲೆ ಕಾಲೇಜಿನ ಪ್ರಶ್ನೆ ಬರುತ್ತದೆ, ಅದರಲ್ಲಿ ಮೊದಲನೆಯದು ಕಾನೂನಿನ ಪರಿಶೀಲನೆ. ಫಾರ್ಮಸಿ ಶಿಕ್ಷಣದ ಮೇಲಿನ ನಿಯಂತ್ರಣಾಧಿಕಾರ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿಗೆ, ಅಂದರೆ ಎಐಸಿಟಿಇಗೆ, ಸೇರಿದ್ದೋ ಪಿಸಿಐಗೆ ಸೇರಿದ್ದೋ ಎಂಬ ದೀರ್ಘಕಾಲದ ವಿವಾದವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಪಿಸಿಐ ಪರವಾಗಿ ಇತ್ಯರ್ಥಪಡಿಸಿದ್ದರಿಂದ, ಈಗ ಬೇರೆ ಯಾವ ಸಂಸ್ಥೆಯ ಮಾನ್ಯತೆಯ ಫಲಕ ಗೋಡೆಯ ಮೇಲಿದ್ದರೂ ಪಿಸಿಐ ಅನುಮೋದನೆಗೆ ಅದು ಬದಲಿಯಾಗಲಾರದು. ಈ ಅನುಮೋದನೆಯಲ್ಲಿ ಎರಡು ಹಂತಗಳಿವೆಯೆಂಬುದು ಹೆಚ್ಚಿನ ಪೋಷಕರಿಗೆ ತಿಳಿದಿರುವುದಿಲ್ಲ. ಹೊಸ ಕಾಲೇಜಿಗೆ ಮೊದಲು ಸಿಗುವುದು ನಿರ್ದಿಷ್ಟ ಶೈಕ್ಷಣಿಕ ವರ್ಷದಲ್ಲಿ, ನಿರ್ದಿಷ್ಟ ಸಂಖ್ಯೆಯ ಸೀಟುಗಳೊಂದಿಗೆ ಕೋರ್ಸು ನಡೆಸುವ ಅನುಮತಿ. ಆ ಕೋರ್ಸು ಮತ್ತು ಪರೀಕ್ಷೆ ನೋಂದಣಿಗೆ ಅರ್ಹವೆಂದು ಕಾಯ್ದೆಯ 12ನೇ ಸೆಕ್ಷನ್ ಅಡಿಯಲ್ಲಿ ಘೋಷಣೆಯಾಗುವುದು ಮೊದಲ ತಂಡ ಓದು ಮುಗಿಸುವ ಹೊತ್ತಿಗೆ. ಅಂದರೆ ಹೊಸ ಕಾಲೇಜಿನ ಮೊದಲ ತಂಡದ ವಿದ್ಯಾರ್ಥಿಗಳು, ಆಡಳಿತ ಮಂಡಳಿ ಅಷ್ಟರೊಳಗೆ ಅಧ್ಯಾಪಕರನ್ನೂ ಪ್ರಯೋಗಾಲಯಗಳನ್ನೂ ಪೂರ್ಣಗೊಳಿಸುತ್ತದೆ ಎಂಬ ಭರವಸೆಯ ಮೇಲೆಯೇ ಓದುತ್ತಿರುತ್ತಾರೆ. ಹೊಸ ಕಾಲೇಜುಗಳಿಗೆ ತಾತ್ಕಾಲಿಕ ತಡೆ ಹಾಕಿ ಪಿಸಿಐ 2019ರಲ್ಲಿ ಕೈಗೊಂಡ ನಿರ್ಣಯವನ್ನು ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳು ರದ್ದುಪಡಿಸಿದವು. ಅಂಥ ನಿರ್ಬಂಧವನ್ನು ಕಾನೂನಿನ ಮೂಲಕ ಮಾತ್ರ ಹೇರಬಹುದೆಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಸ ಕಾಲೇಜು ತೆರೆಯುವ ಹಾದಿ ಹೀಗೆ ಮತ್ತೆ ತೆರೆದಿರುವುದರಿಂದ ಆಯ್ಕೆ ಮಾಡುವವರ ಎಚ್ಚರವೂ ಆ ಪ್ರಮಾಣದಲ್ಲಿ ಹೆಚ್ಚಬೇಕು.

ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು 1964ರಿಂದ, ಬೆಳಗಾವಿಯ ಕೆಎಲ್‌ಇ ಕಾಲೇಜು 1968ರಿಂದ, ಮೈಸೂರಿನ ಜೆಎಸ್‌ಎಸ್ ಕಾಲೇಜು 1973ರಿಂದ ನಡೆಯುತ್ತಿವೆ. ಇಂಥ ಹಳೆಯ ಸಂಸ್ಥೆಗಳಿಗೆ ಹಿರಿಯ ವಿದ್ಯಾರ್ಥಿಗಳ ಬಳಗವೆಂಬ ಅನುಕೂಲವಿದೆ. ಆದರೂ ವಯಸ್ಸೊಂದೇ ಅಳತೆಗೋಲಾಗಬಾರದು. 2016ರಿಂದ ಫಾರ್ಮಸಿಯನ್ನು ಪ್ರತ್ಯೇಕ ವಿಭಾಗವಾಗಿ ಪರಿಗಣಿಸುತ್ತಿರುವ ಕೇಂದ್ರದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಭಾಗವಹಿಸಲು ಅರ್ಜಿ ಹಾಕಿದ ಸಂಸ್ಥೆಗಳು ಮಾತ್ರ ಕಾಣಿಸಿಕೊಳ್ಳುವುದರಿಂದ, ಪಟ್ಟಿಯಲ್ಲಿಲ್ಲದ್ದೆಲ್ಲ ಕಳಪೆಯೆಂದೂ ತೀರ್ಮಾನಿಸಬೇಕಾಗಿಲ್ಲ.

ಕಾಲೇಜಿನ ನಿಜಸ್ಥಿತಿ ತಿಳಿಯುವುದು ಪ್ರಾಂಶುಪಾಲರ ಕೊಠಡಿಗಿಂತ ಪ್ರಯೋಗಾಲಯದಲ್ಲಿ. ಮಾತ್ರೆಯಿಂದ ಔಷಧ ಎಷ್ಟು ಹೊತ್ತಿನಲ್ಲಿ ಎಷ್ಟು ಕರಗಿ ಹೊರಬರುತ್ತದೆ ಎಂಬುದನ್ನು ಅಳೆಯುವ ಡಿಸಲ್ಯೂಷನ್ ಯಂತ್ರವನ್ನೇ ತೆಗೆದುಕೊಳ್ಳಬಹುದು: ಸಾಲಾಗಿ ಜೋಡಿಸಿದ ಆರು ಗಾಜಿನ ಪಾತ್ರೆಗಳಲ್ಲಿ ಸಾಮಾನ್ಯವಾಗಿ 900 ಮಿಲಿಲೀಟರ್ ದ್ರವವನ್ನು ದೇಹದ ಉಷ್ಣತೆಗೆ ಸಮನಾಗಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು, ಒಂದೊಂದಕ್ಕೆ ಒಂದು ಮಾತ್ರೆ ಹಾಕಿ, ನಿಮಿಷಕ್ಕೆ 50 ಅಥವಾ 100 ಸುತ್ತುಗಳಂತೆ ಕಡ್ಡಿಯನ್ನು ತಿರುಗಿಸಿ, ನಿಗದಿತ ಹೊತ್ತಿಗೊಮ್ಮೆ ಮಾದರಿ ತೆಗೆಯಬೇಕು. ದಿನನಿತ್ಯ ಬಳಕೆಯಲ್ಲಿರುವ ಇಂಥ ಯಂತ್ರದ ನೀರಿನ ತೊಟ್ಟಿಯಲ್ಲಿ ನೀರಿನ ಗುರುತು ಇರುತ್ತದೆ, ಪಕ್ಕದ ದಾಖಲೆ ಪುಸ್ತಕದಲ್ಲಿ ದಿನಾಂಕ, ತಂಡ, ಮಾಡಿದ ಪ್ರಯೋಗ ಇವೆಲ್ಲ ಬೇರೆ ಬೇರೆ ಕೈಬರಹದಲ್ಲಿ ಬರೆದಿರುತ್ತವೆ. ತಪಾಸಣೆಗೆಂದೇ ತರಿಸಿಟ್ಟ ಯಂತ್ರದ ತೊಟ್ಟಿ ಒಣಗಿರುತ್ತದೆ, ಪುಸ್ತಕವಿದ್ದರೂ ಅದರ ಪುಟಗಳೆಲ್ಲ ಒಂದೇ ಕೈಯಲ್ಲಿ ಒಂದೇ ಶಾಯಿಯಲ್ಲಿ ತುಂಬಿರುತ್ತವೆ. ಮಾತ್ರೆ ಒತ್ತುವ ಯಂತ್ರ, ಔಷಧದ ಪ್ರಮಾಣವನ್ನು ಅಳೆಯುವ ಎಚ್‌ಪಿಎಲ್‌ಸಿ ಉಪಕರಣ, ಔಷಧ ಸಸ್ಯಗಳ ತೋಟ, 1955ರಲ್ಲಿ ಮೊದಲ ಆವೃತ್ತಿ ಕಂಡ ‘ಇಂಡಿಯನ್ ಫಾರ್ಮಕೊಪಿಯಾ’ದ ಇತ್ತೀಚಿನ ಆವೃತ್ತಿ ಗ್ರಂಥಾಲಯದಲ್ಲಿದೆಯೇ ಎಂಬುದು, ಇವನ್ನೆಲ್ಲ ಅದೇ ಕಣ್ಣಿನಿಂದ ನೋಡಬಹುದು. ಫಾರ್ಮ್.ಡಿ ಸೇರುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು: ಆ ಕೋರ್ಸಿಗೆ 300 ಹಾಸಿಗೆಗಳ ಬೋಧನಾ ಆಸ್ಪತ್ರೆಯ ನಂಟು ಇರಲೇಬೇಕಾದ್ದರಿಂದ, ಆ ಆಸ್ಪತ್ರೆಯ ವಾರ್ಡಿಗೇ ಹೋಗಿ, ವಿದ್ಯಾರ್ಥಿಗಳು ವೈದ್ಯರೊಂದಿಗೆ ವಾರ್ಡ್ ರೌಂಡ್ಸ್‌ಗೆ ನಿಜವಾಗಿ ಬರುತ್ತಾರೆಯೇ ಎಂದು ಅಲ್ಲಿನ ನರ್ಸ್‌ಗಳನ್ನು ವಿಚಾರಿಸುವುದು ಯಾವ ಕರಪತ್ರವೂ ಕೊಡದ ಉತ್ತರವನ್ನು ಕೊಡುತ್ತದೆ.

ಇಲ್ಲಿ ಕಟುವಾದ ಮಾತೊಂದನ್ನು ಹೇಳುವುದು ಅನಿವಾರ್ಯ. ‘ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ಪರೀಕ್ಷೆಗೆ ಬಂದರೆ ಸಾಕು’ ಎಂಬ ಭರವಸೆಯನ್ನು ಸೌಕರ್ಯವೆಂದು ಭಾವಿಸುವ ಕುಟುಂಬಗಳಿವೆ. ನಿಯಮಗಳ ಪ್ರಕಾರ ಡಿ.ಫಾರ್ಮಾಕ್ಕೆ ಶೇ 75, ಬಿ.ಫಾರ್ಮಾ ಮತ್ತು ಫಾರ್ಮ್.ಡಿಗೆ ಶೇ 80 ಹಾಜರಾತಿ ಕಡ್ಡಾಯವಾಗಿರುವಾಗ ಇಂಥ ಭರವಸೆ ಕೊಡುವ ಕಾಲೇಜು ಸುಳ್ಳು ದಾಖಲೆ ಸೃಷ್ಟಿಸುವ ಕಾಲೇಜೇ ಆಗಿರುತ್ತದೆ. ಈ ದಾರಿಯ ಮುಂದಿನ ನಿಲ್ದಾಣ ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡುವುದು: ನೋಂದಾಯಿತ ಫಾರ್ಮಸಿಸ್ಟರ ಹೆಸರು ಅಂಗಡಿಯ ಪರವಾನಗಿಯಲ್ಲಿ, ಚೌಕಟ್ಟು ಹಾಕಿದ ಪ್ರಮಾಣಪತ್ರ ಗೋಡೆಯ ಮೇಲೆ, ಔಷಧ ಕೊಡುವವರು ಮಾತ್ರ ಬೇರೆ ಯಾರೋ. ಷೆಡ್ಯೂಲ್ ಎಚ್1 ಪಟ್ಟಿಯ ಪ್ರತಿಜೀವಕಗಳನ್ನೂ ಅಮಲು ತರಿಸಬಲ್ಲ ಕೆಲವು ಔಷಧಗಳನ್ನೂ ಮಾರುವಾಗ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಬಾಡಿಗೆಗೆ ಕೊಟ್ಟವರು ಕಣ್ಣಲ್ಲೂ ಕಾಣದ ಆ ಪುಸ್ತಕದ ತಪ್ಪುಗಳಿಗೆ ಉತ್ತರಿಸಬೇಕಾದವರಲ್ಲಿ ಅವರೂ ಒಬ್ಬರಾಗುತ್ತಾರೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಇಂಥ ನಡವಳಿಕೆಯನ್ನು ವೃತ್ತಿದ್ರೋಹವೆಂದು ಪರಿಗಣಿಸುತ್ತದೆ, ಅದಕ್ಕೆ ನೋಂದಣಿಯನ್ನೇ ಕಳೆದುಕೊಳ್ಳುವ ಸಾಧ್ಯತೆಯೂ ಇದೆ. ತಿಂಗಳಿಗೆ ಬರುವ ಸಣ್ಣ ಬಾಡಿಗೆಯ ಆಸೆಗೆ ಮಕ್ಕಳನ್ನು ಈ ಸ್ಥಿತಿಗೆ ತಳ್ಳುವುದು ಯಾವ ಪೋಷಕರಿಗೂ ಶೋಭಿಸುವುದಿಲ್ಲ.

ಮೇಲಿನ ವಿವೇಚನೆಯ ಆಧಾರದ ಮೇಲೆ ತಮ್ಮಲ್ಲಿ ಐದು ವಿನಂತಿಗಳಿವೆ.

ಮೊದಲನೆಯದಾಗಿ, ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಸಂಶೋಧನೆ ಈ ನಾಲ್ಕರಲ್ಲಿ ಯಾವ ಕಡೆಗೆ ಒಲವಿದೆಯೆಂದು ಮಗ ಅಥವಾ ಮಗಳ ಬಾಯಿಂದಲೇ ಕೇಳಿ, ಆ ಬಳಿಕ ಕೋರ್ಸನ್ನು ನಿರ್ಧರಿಸಿ. ಸಾಧ್ಯವಾದರೆ ಅವರನ್ನು ಒಂದು ದಿನ ಪರಿಚಿತ ಮೆಡಿಕಲ್ ಸ್ಟೋರಿನಲ್ಲೋ ಆಸ್ಪತ್ರೆಯ ಔಷಧಾಲಯದಲ್ಲೋ ಕೂರಿಸಿ, ಅಲ್ಲಿನ ಕೆಲಸ ನೋಡಲು ಬಿಡಿ.

ಎರಡನೆಯದಾಗಿ, ಪಿಸಿಐ ಪ್ರಕಟಿಸುವ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಕೋರ್ಸು, ಪ್ರಸಕ್ತ ಶೈಕ್ಷಣಿಕ ವರ್ಷ, ಮಂಜೂರಾದ ಸೀಟುಗಳ ಸಂಖ್ಯೆ ಮತ್ತು 12ನೇ ಸೆಕ್ಷನ್ ಅನುಮೋದನೆ ಇವೆಲ್ಲವನ್ನೂ ಬೇರೆ ಬೇರೆಯಾಗಿ ನೋಡಿ. ಒಂದೇ ಆಡಳಿತ ಮಂಡಳಿಯ ಎರಡು ಕಾಲೇಜುಗಳಲ್ಲಿ ಒಂದಕ್ಕೆ ದೊರೆತ ಅನುಮೋದನೆ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಮೂರನೆಯದಾಗಿ, ರಜೆಯಿಲ್ಲದ ಸಾಮಾನ್ಯ ದಿನವೊಂದರ ಮಧ್ಯಾಹ್ನ, ಮುಂಚಿತವಾಗಿ ತಿಳಿಸದೆ ಕಾಲೇಜಿಗೆ ಹೋಗಿ, ಪ್ರಯೋಗಾಲಯಗಳಲ್ಲಿ ತರಗತಿ ನಡೆಯುತ್ತಿದೆಯೇ ಎಂದು ನೋಡಿ, ಅಂತಿಮ ವರ್ಷದ ಇಬ್ಬರು ಮೂವರು ವಿದ್ಯಾರ್ಥಿಗಳೊಂದಿಗೆ ಅಧ್ಯಾಪಕರು ಇಲ್ಲದ ಕಡೆ ಮಾತಾಡಿ.

ನಾಲ್ಕನೆಯದಾಗಿ, ಎಲ್ಲ ವರ್ಷಗಳ ಶುಲ್ಕವನ್ನೂ ಲಿಖಿತ ರೂಪದಲ್ಲಿ ಪಡೆದುಕೊಳ್ಳಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿದ ಕೂಡಲೇ ವಿದ್ಯಾರ್ಥಿಗೆ ಹಿಂದಿರುಗಿಸಬೇಕೆಂದು ಯುಜಿಸಿ 2018ರಲ್ಲಿ ಸ್ಪಷ್ಟಪಡಿಸಿರುವುದನ್ನು ನೆನಪಿಟ್ಟುಕೊಂಡು, ಅವನ್ನು ಒತ್ತೆಯಾಗಿ ಇಟ್ಟುಕೊಳ್ಳುವ ಸಂಸ್ಥೆಯ ವಿಷಯದಲ್ಲಿ ಎಚ್ಚರದಿಂದಿರಿ.

ಐದನೆಯದಾಗಿ, ವಿದ್ಯಾರ್ಥಿಗಳಲ್ಲಿ ವಿಶೇಷವಾಗಿ ಕೇಳಿಕೊಳ್ಳುವುದೆಂದರೆ, ಹಾಜರಾತಿಗೆ ರಿಯಾಯಿತಿ ಕೊಡುವ ಕಾಲೇಜು ಎಷ್ಟೇ ಅಗ್ಗವಾಗಿದ್ದರೂ ಅದನ್ನು ಒಪ್ಪಬೇಡಿ, ನೋಂದಣಿ ದೊರೆತ ದಿನದಿಂದ ನಿಮ್ಮ ಪ್ರಮಾಣಪತ್ರವನ್ನು ನೀವು ನಿಂತು ಕೆಲಸ ಮಾಡದ ಯಾವ ಅಂಗಡಿಗೂ ಕೊಡಬೇಡಿ.

ಔಷಧಿ ಅಂಗಡಿಯ ಕಟ್ಟೆಯ ಮುಂದೆ ನಿಂತ ರೋಗಿಗೆ ಎದುರಿನವರು ಯಾವ ಕಾಲೇಜಿನಲ್ಲಿ ಓದಿದರೆಂಬುದು ಗೊತ್ತಿರುವುದಿಲ್ಲ. ಅವರು ಸರಿಯಾದ ಔಷಧವನ್ನು, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಸೂಚನೆಯೊಂದಿಗೆ ಕೊಡುತ್ತಾರೆಂಬ ನಂಬಿಕೆಯೊಂದನ್ನೇ ಆಧಾರವಾಗಿಟ್ಟುಕೊಂಡು ಆತ ಕೈ ಚಾಚುತ್ತಾನೆ. ಆ ನಂಬಿಕೆಗೆ ತಕ್ಕವರಾಗುವ ಕಲಿಕೆ ಸಿಗುವ ಕೋರ್ಸನ್ನೂ ಕಾಲೇಜನ್ನೂ ಅವಸರವಿಲ್ಲದೆ, ವಿಚಾರಿಸಿ ಆರಿಸಿಕೊಳ್ಳಬೇಕೆಂದು ತಮ್ಮೆಲ್ಲರಲ್ಲಿ ವಿನಯಪೂರ್ವಕ ಪ್ರಾರ್ಥನೆ.

ಇಂತಿ ತಮ್ಮ ವಿಶ್ವಾಸಿ,
ಔಷಧ ವಿಜ್ಞಾನದ ಓರ್ವ ಅಧ್ಯಾಪಕ
ಬೆಂಗಳೂರು